ಪ್ರಿನ್ಸ್ ಆಫ್ ಪರ್ಷಿಯಾ: ಅಭಿಮಾನಿಗಳು ಕಟ್ಟಿದ ಲೆವೆಲ್‌ಗಳನ್ನು ವಿಮರ್ಶಿಸುವುದು ಹೇಗೆ

1989ರಲ್ಲಿ ಜೋರ್ಡನ್ ಮೆಕ್ನರ್ ಆಪಲ್ 2 ಕಂಪ್ಯೂಟರಿಗಾಗಿ ಬರೆದ ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಆಟ ಮರುವರ್ಷವೇ ಆ ಕಾಲದ ಪಿಸಿಗಳ ಕಾರ್ಯಾಚರಣೆ ವ್ಯವಸ್ಥೆಯಾದ ಡಾಸ್‌ಗೂ ಬಂತು. ನಾನು ಅದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ, ನಮ್ಮೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ, ಕೈಯಿಂದ ಕೈಗೆ ದಾಟಿ ಬಂದ ಒಂದು ಫ್ಲಾಪಿಯಲ್ಲಿ. ಬಿಳಿ ಬಟ್ಟೆಯ ಹುಡುಗ ಓಡಿ ಬಂದು ಜಿಗಿದು, ಅಂಚು ಹಿಡಿದು ನೇತಾಡಿ, ಮೈ ಮೇಲಕ್ಕೆಳೆದುಕೊಳ್ಳುವುದನ್ನು ಕಂಡಾಗ ಅದು ಬೊಂಬೆ ಅನ್ನಿಸಲಿಲ್ಲ. ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಅದರ ಒಂದೊಂದು ಚೌಕಟ್ಟನ್ನೂ ತಿದ್ದಿ ಬಿಡಿಸಿದ್ದು ಅಂತ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಆ ಆಟಕ್ಕೆ ಇವತ್ತಿಗೂ ಜನ ಹೊಸ ಲೆವೆಲ್ ಕಟ್ಟುತ್ತಿದ್ದಾರೆ. ರೂಮ್‌ಶೇಪರ್, ಅಪಾಪ್ಲೆಕ್ಸಿ ಮುಂತಾದ ಎಡಿಟರ್‌ಗಳಿವೆ. ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ ಮತ್ತೆ ಬರೆದ ಎಸ್‌ಡಿಎಲ್‌ಪಾಪ್ ಎಂಬ ಮುಕ್ತ ತಂತ್ರಾಂಶ ಇರುವುದರಿಂದ ಇವತ್ತಿನ ಕಂಪ್ಯೂಟರಿನಲ್ಲೂ ಆಟ ಸಲೀಸಾಗಿ ಓಡುತ್ತದೆ. ಕಟ್ಟುವವರಿಗೆ ಇದರಿಂದ ಕಾಸು ಬರುವುದಿಲ್ಲ. ಅವರಿಗೆ ಸಿಗುವ ಕೂಲಿ ಅಂದರೆ ಯಾರೋ ಒಬ್ಬರು ಪೂರ್ತಿ ಆಡಿ, ಎಲ್ಲಿ ಏನಾಯಿತು ಅಂತ ಸರಿಯಾಗಿ ಹೇಳುವುದು, ಅಷ್ಟೆ. ‘ಚೆನ್ನಾಗಿದೆ’ ಅಂದರೂ ‘ತುಂಬಾ ಕಷ್ಟ’ ಅಂದರೂ ಅವರಿಗೆ ಏನೂ ಸಿಕ್ಕಂತಾಗುವುದಿಲ್ಲ. ಹಾಗಾಗಿ ವಿಮರ್ಶೆಯನ್ನು ಕೆಲಸ ಅಂತಲೇ ಹಿಡಿದು ಮಾಡಬೇಕು. ನಾನು ಮಾಡುವ ಕ್ರಮ ಹೀಗಿದೆ.

ಕೂರುವ ಮುಂಚೆ

ಮೂಲ ಆಟವನ್ನು ಒಮ್ಮೆಯಾದರೂ ಕೊನೆಯವರೆಗೆ ಆಡಿರಬೇಕು. 12 ಲೆವೆಲ್, 60 ನಿಮಿಷ. ಸತ್ತರೆ ಅದೇ ಲೆವೆಲಿನ ಮೊದಲಿಗೆ ಹೋಗುತ್ತೀರಿ, ಕಳೆದ ನಿಮಿಷ ಮಾತ್ರ ವಾಪಸು ಬರುವುದಿಲ್ಲ. ಈ ಲೆಕ್ಕ ಮೈಗೆ ಹತ್ತದವರು ಇನ್ನೊಬ್ಬರ ಲೆವೆಲನ್ನು ತೂಗಲಾರರು. ಒಂದು ಮಹಡಿ ಎತ್ತರದಿಂದ ಬಿದ್ದರೆ ಏನೂ ಆಗುವುದಿಲ್ಲ, ಎರಡರಿಂದ ಬಿದ್ದರೆ ಒಂದು ಜೀವ (ಆರಂಭದಲ್ಲಿರುವ ಮೂರರಲ್ಲಿ ಒಂದು) ಹೋಗುತ್ತದೆ, ಮೂರರಿಂದ ಬಿದ್ದರೆ ಮುಗಿಯಿತು. ಮುಳ್ಳುಗಳ ನಡುವೆ ಓಡಿದರೆ ಸಾವು, ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಟ್ಟರೆ ದಾಟಬಹುದು. ಇವೆಲ್ಲ ಬೆರಳಿಗೆ ಗೊತ್ತಿರಬೇಕು.

ಲೆವೆಲ್ ಸೆಟ್ಟನ್ನು ಮೂಲ ಆಟದ ಫೋಲ್ಡರಿಗೆ ನೇರವಾಗಿ ಸುರಿಯಬೇಡಿ. ಎಸ್‌ಡಿಎಲ್‌ಪಾಪ್‌ನಲ್ಲಿ ಮಾಡ್‌ಗಳಿಗೆ (ಹೀಗೆ ಮಾರ್ಪಡಿಸಿದ ಆಟಗಳಿಗೆ) ಬೇರೆ ಫೋಲ್ಡರೇ ಇದೆ, ಅಲ್ಲಿಡಿ. ಡಾಸ್ ಆವೃತ್ತಿಗೆ ಕಟ್ಟಿದ್ದಾದರೆ ಇಡೀ ಆಟದ ಪ್ರತಿ ಮಾಡಿಕೊಂಡು ಅದರೊಳಗೆ ಬದಲಾಯಿಸಿ. ಜೊತೆಗೆ ಬಂದ ಟಿಪ್ಪಣಿಯನ್ನು ಓದಿ: ಯಾವ ಆವೃತ್ತಿಗೆ ಕಟ್ಟಿದ್ದು, ಸಮಯ ಬದಲಾಯಿಸಿದ್ದಾರೆಯೇ, ಆರಂಭದಲ್ಲಿ ಮೂರೇ ಜೀವವೇ ಹೆಚ್ಚೇ? ಅದರಲ್ಲಿ ದಾರಿಯ ಸುಳಿವಿದ್ದರೆ ಆ ಭಾಗವನ್ನು ಮಾತ್ರ ಈಗಲೇ ಓದಬೇಡಿ.

ಮೊದಲ ಆಟ: ಏನೂ ತಿಳಿಯದೆ

ಮೊದಲ ಸಲ ಆಡುವ ಅವಕಾಶ ಒಂದೇ ಸಲ ಸಿಗುತ್ತದೆ. ಕಟ್ಟಿದವರಿಗಂತೂ ಅದು ಯಾವತ್ತೂ ಸಿಗುವುದಿಲ್ಲ, ಯಾಕೆಂದರೆ ಯಾವ ಚಪ್ಪಡಿ ಸಡಿಲ (ತುಳಿದರೆ ಕಳಚಿ ಬೀಳುವಂಥದ್ದು) ಅಂತ ಇಟ್ಟ ದಿನದಿಂದಲೇ ಅವರಿಗೆ ಗೊತ್ತು. ನಿಮ್ಮ ವಿಮರ್ಶೆಯ ಅತಿ ಬೆಲೆಬಾಳುವ ಭಾಗ ಇಲ್ಲಿಂದಲೇ ಬರುವುದು. ಆದ್ದರಿಂದ ಮೊದಲ ಆಟದಲ್ಲಿ ಚೀಟ್ (ಆಟದೊಳಗಿನ ಗುಟ್ಟಿನ ಸಹಾಯದ ಕೀಲಿಗಳು) ಬೇಡ, ಎಡಿಟರಿನಲ್ಲಿ ಇಣುಕುವುದು ಬೇಡ, ಬೇರೆಯವರು ಆಡಿದ ವಿಡಿಯೊ ಬೇಡ.

ಎಸ್‌ಡಿಎಲ್‌ಪಾಪ್‌ನಲ್ಲಿ ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿದರೆ ನಿಮ್ಮ ಆಟ ದಾಖಲಾಗತೊಡಗುತ್ತದೆ. ಒತ್ತಿಟ್ಟುಬಿಡಿ. ಎಫ್6ರಿಂದ ನಡುವೆ ಉಳಿಸಿ, ಎಫ್9ರಿಂದ ವಾಪಸು ಬರುವ ಸೌಲಭ್ಯವೂ ಇದೆ, ಆದರೆ ಮೊದಲ ಆಟದಲ್ಲಿ ಅದನ್ನು ಮುಟ್ಟಬೇಡಿ. ಹತ್ತು ಹೆಜ್ಜೆಗೊಮ್ಮೆ ಉಳಿಸಿಕೊಂಡು ಆಡಿದವರಿಗೆ ಲೆವೆಲಿನ ಭಾರ ಗೊತ್ತೇ ಆಗುವುದಿಲ್ಲ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಸತ್ತಾಗಲೆಲ್ಲ ಒಂದು ಗೀಟು, ಗೀಟಿನ ಪಕ್ಕ ಒಂದೆರಡು ಪದ: ‘ಎರಡನೇ ಗೇಟು, ತಡವಾಯ್ತು’, ‘ಕತ್ತರಿ, ಕಾಣಲಿಲ್ಲ’ (ದಾರಿಯಲ್ಲಿ ತೆರೆದು ಮುಚ್ಚುವ ಅಲಗಿಗೆ ನಾನು ಕತ್ತರಿ ಅನ್ನುತ್ತೇನೆ), ‘ಕಾವಲುಗಾರ, ಕತ್ತಿ ತೆಗೆಯುವಷ್ಟರಲ್ಲಿ’. ಜೊತೆಗೆ ಆ ಕ್ಷಣ ಏನನ್ನಿಸಿತು ಅನ್ನುವುದನ್ನೂ ಬರೆಯಿರಿ. ‘ಛೇ, ನಾನೇ ಅವಸರ ಮಾಡಿದೆ’ ಅನ್ನಿಸಿತೇ, ‘ಇದು ನನಗೆ ಹೇಗೆ ಗೊತ್ತಾಗಬೇಕಿತ್ತು?’ ಅನ್ನಿಸಿತೇ? ಅರ್ಧ ಗಂಟೆ ಕಳೆದರೆ ಈ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಅದಕ್ಕೇ ಅಲ್ಲಲ್ಲೇ ಬರೆಯಬೇಕು.

ಒಂದೇ ಜಾಗದಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ನಿಲ್ಲಿಸಿ, ಮಾರನೆಯ ದಿನ ಕೂತುಕೊಳ್ಳಿ. ಸಿಟ್ಟಿನಲ್ಲಿ ಬರೆದ ಟಿಪ್ಪಣಿಯನ್ನು ಮರುದಿನ ಓದಿದಾಗ ಅದರಲ್ಲಿ ಅರ್ಧ ನನಗೇ ಒಪ್ಪಿಗೆಯಾಗಿಲ್ಲ.

ಎರಡನೇ ಆಟ: ನಕ್ಷೆ ಬರೆಯುವುದು

ಈಗ ಚೌಕುಳಿ ಕಾಗದ ತೆಗೆದುಕೊಳ್ಳಿ. ಈ ಆಟದ ಪ್ರತಿ ಲೆವೆಲಿನಲ್ಲೂ ಹೆಚ್ಚೆಂದರೆ 24 ರೂಮು. ಒಂದು ರೂಮು ಅಂದರೆ ಒಂದು ಪರದೆ: ಮೂರು ಸಾಲು, ಸಾಲಿಗೆ 10 ಚಪ್ಪಡಿ. ಒಟ್ಟು 720 ಜಾಗ. ಕಟ್ಟಿದವರ ಕೈಯಲ್ಲಿದ್ದದ್ದು ಇಷ್ಟೇ. ಎಷ್ಟು ರೂಮು ಬಳಸಿದ್ದಾರೆ, ಎಷ್ಟನ್ನು ಸುಮ್ಮನೆ ಓಡಿ ದಾಟುವುದಕ್ಕೆ ಬಿಟ್ಟಿದ್ದಾರೆ, ಒಂದೇ ರೂಮನ್ನು ಎರಡು ಮೂರು ದಿಕ್ಕಿನಿಂದ ಹಾಯುವಂತೆ ಮಾಡಿದ್ದಾರೆಯೇ ಅನ್ನುವುದೆಲ್ಲ ಕಾಗದದ ಮೇಲೆ ಬಂದಾಗಲೇ ಕಾಣುವುದು. ಒಳ್ಳೆಯ ಲೆವೆಲಿನಲ್ಲಿ ಮೇಲಿನ ಸಾಲಿನಲ್ಲಿ ಓಡುವಾಗ ಕೆಳಗೆ ಜೀವ ಮರಳಿ ಕೊಡುವ ಒಂದು ಮದ್ದಿನ ಸೀಸೆ ಕಾಣುತ್ತದೆ, ಹೋಗುವ ದಾರಿ ಕಾಣುವುದಿಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಂದು ಕಡೆಯಿಂದ ಅಲ್ಲಿಗೇ ಬರುತ್ತೀರಿ. ಅಂಥದ್ದು ಸಿಕ್ಕರೆ ರೂಮಿನ ಸಂಖ್ಯೆ ಸಮೇತ ಹೊಗಳಿ.

ಸಂಖ್ಯೆ ತಿಳಿಯುವುದಕ್ಕೆ ಈಗ ಚೀಟ್ ಬಳಸಬಹುದು. ಆಟವನ್ನು ಮೆಗಾಹಿಟ್ (megahit) ಎಂಬ ಪದದೊಂದಿಗೆ ಶುರುಮಾಡಿ, ನಡುವೆ ಸಿ ಒತ್ತಿದರೆ ನೀವಿರುವ ರೂಮಿನ ಸಂಖ್ಯೆ ಮತ್ತು ಅದರ ಎಡ, ಬಲ, ಮೇಲೆ, ಕೆಳಗಿನ ರೂಮುಗಳ ಸಂಖ್ಯೆ ಬರುತ್ತದೆ. ಎಚ್, ಜೆ, ಯು, ಎನ್ ಒತ್ತಿದರೆ ಅಕ್ಕಪಕ್ಕದ ರೂಮುಗಳನ್ನು ಇಣುಕಿ ನೋಡಬಹುದು.

ಇಲ್ಲೇ ಒಂದು ಮುಖ್ಯ ಪರೀಕ್ಷೆ. ಪ್ರತಿ ರೂಮಿಗೂ ನಾಲ್ಕು ದಿಕ್ಕಿನ ನೆಂಟಸ್ತಿಕೆಯನ್ನು ಬೇರೆಬೇರೆಯಾಗಿ ಬರೆದಿರುತ್ತದೆ. 5ರ ಬಲಕ್ಕೆ 7 ಇದ್ದ ಮಾತ್ರಕ್ಕೆ 7ರ ಎಡಕ್ಕೆ 5 ಇರಲೇಬೇಕೆಂದಿಲ್ಲ. ಬಲಕ್ಕೆ ಹೋಗಿ ಎಡಕ್ಕೆ ಮರಳಿದರೆ ಬೇರೆಲ್ಲೋ ಬಂದು ನಿಲ್ಲಬಹುದು. ಕೆಲವರು ಬೇಕೆಂದೇ ಹೀಗೆ ಚಕ್ರವ್ಯೂಹ ಕಟ್ಟುತ್ತಾರೆ, ಸರಿಯಾಗಿ ಮಾಡಿದರೆ ಅದು ಬಹಳ ಸೊಗಸು. ಆದರೆ ಹೆಚ್ಚಿನ ಸಲ ಅದು ಕೈತಪ್ಪು. ಗುರುತಿಸುವುದು ಹೀಗೆ: ಬೇಕೆಂದು ಮಾಡಿದವರು ರೂಮಿನೊಳಗೆ ಗುರುತು ಬಿಟ್ಟಿರುತ್ತಾರೆ, ಒಂದು ಪಂಜು, ಒಂದು ಮುರಿದ ಚಪ್ಪಡಿ, ‘ಇದು ಅದಲ್ಲ’ ಅಂತ ಹೇಳುವ ಏನೋ ಒಂದು. ಗುರುತೇ ಇಲ್ಲದಿದ್ದರೆ ತಪ್ಪು ಅಂತಲೇ ಬರೆಯಿರಿ, ಎರಡೂ ಸಂಖ್ಯೆ ಕೊಟ್ಟು.

ಗೇಟು, ಬಟನ್ ಮತ್ತು ಸಿಕ್ಕಿಬೀಳುವ ಜಾಗಗಳು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಈ ಆಟದಲ್ಲಿ ತೆರೆಯುವ ಬಟನ್ ತುಳಿದರೆ ಗೇಟು ಮೇಲೇಳುತ್ತದೆ, ಸ್ವಲ್ಪ ಹೊತ್ತು ನಿಂತು ನಿಧಾನಕ್ಕೆ ಇಳಿಯುತ್ತದೆ. ಮುಚ್ಚುವ ಬಟನ್ ತುಳಿದರೆ ದಡಾರನೆ ಬೀಳುತ್ತದೆ. ಸಡಿಲ ಚಪ್ಪಡಿ ಮೇಲಿನಿಂದ ತೆರೆಯುವ ಬಟನ್ನಿನ ಮೇಲೆ ಬಿದ್ದರೆ ಬಟನ್ ಅಲ್ಲೇ ಕಚ್ಚಿಕೊಂಡು ಗೇಟು ತೆರೆದೇ ಇರುತ್ತದೆ. ಬಿದ್ದ ಚಪ್ಪಡಿ ಮತ್ತೆ ಬರುವುದಿಲ್ಲ. ಈ ನಾಲ್ಕೈದು ಸಂಗತಿಗಳ ಹೆಣಿಗೆಯಲ್ಲೇ ಲೆವೆಲಿನ ಬುದ್ಧಿಯೂ ಇರುವುದು, ಅದರ ಗುಂಡಿಗಳೂ ಇರುವುದು.

ಒಂದು ಉದಾಹರಣೆ ಹೇಳುತ್ತೇನೆ. ನಾನು ಆಡಿದ ಒಂದು ಲೆವೆಲಿನಲ್ಲಿ ಒಂದು ಉದ್ದನೆಯ ಓಣಿ, ನಡುವೆ ಮುಚ್ಚುವ ಬಟನ್. ತುಳಿದೆ, ಹಿಂದಿನ ಗೇಟು ಬಿತ್ತು. ಮುಂದೆ ಹೋದರೆ ಒಂದು ಚಪ್ಪಡಿಯಷ್ಟು ತೂತು, ಆಚೆಗೆ ಗೋಡೆ, ಕೆಳಗೆ ನಾಲ್ಕೂ ಕಡೆ ಮುಚ್ಚಿದ ಗೂಡು. ಸಾಯುವುದಕ್ಕೂ ಆಗದು, ಹೊರಡುವುದಕ್ಕೂ ಆಗದು. ಗಡಿಯಾರ ಓಡುತ್ತಲೇ ಇತ್ತು. ಕೊನೆಗೆ ಕಂಟ್ರೋಲ್ ಮತ್ತು ಎ ಒತ್ತಿ ಲೆವೆಲನ್ನು ಮೊದಲಿನಿಂದ ಶುರುಮಾಡಿದೆ. ನಕ್ಷೆ ಬರೆದಾಗ ಕಾರಣ ಗೊತ್ತಾಯಿತು. ಆ ತೂತಿನ ಜಾಗದಲ್ಲಿ ಮೊದಲು ಸಡಿಲ ಚಪ್ಪಡಿ ಇತ್ತು. ಅದರ ಮೇಲೆ ನಿಂತು ಜಿಗಿದು ಮೇಲಿನ ಅಂಚು ಹಿಡಿಯಬೇಕಿತ್ತು. ನಾನು ಎಷ್ಟೋ ಮೊದಲು ಕೆಳಗಿನ ಗೂಡಿನಲ್ಲಿ ಮದ್ದು ಹುಡುಕುತ್ತಾ ಮೇಲಕ್ಕೆ ಜಿಗಿದಾಗ ಅದನ್ನು ತಲೆಯಿಂದ ಗುದ್ದಿ ಬೀಳಿಸಿದ್ದೆ. ಆಗ ಗೂಡಿನ ಗೇಟು ತೆರೆದಿತ್ತು, ಅದನ್ನೂ ಈ ಬಟನ್ನೇ ಮುಚ್ಚಿತು. ಕಟ್ಟಿದವರು ಆ ಚಪ್ಪಡಿಯ ಕೆಳಗೆ ಒಮ್ಮೆಯೂ ಜಿಗಿದು ನೋಡಿರಲಿಕ್ಕಿಲ್ಲ. ಅವರಿಗೆ ಮದ್ದು ಎಲ್ಲಿದೆ ಅಂತ ಗೊತ್ತಿತ್ತಲ್ಲ!

ಆ ದಿನದಿಂದ ಎರಡನೇ ಆಟದಲ್ಲಿ ನಾನು ಇಷ್ಟನ್ನು ತಪ್ಪದೆ ಮಾಡುತ್ತೇನೆ. ಬೀಳಿಸಲು ಸಾಧ್ಯವಿರುವ ಎಲ್ಲ ಸಡಿಲ ಚಪ್ಪಡಿಗಳನ್ನೂ ಬೀಳಿಸಿ, ಆಮೇಲೂ ಹೊರಬಾಗಿಲು ಮುಟ್ಟಬಹುದೇ ನೋಡುತ್ತೇನೆ. ಪ್ರತಿ ಮುಚ್ಚುವ ಬಟನ್ನನ್ನೂ ತಪ್ಪು ಹೊತ್ತಿನಲ್ಲಿ, ತಪ್ಪು ಕಡೆಯಿಂದ ಬಂದು ತುಳಿಯುತ್ತೇನೆ. ಗೇಟಿನ ಆ ಬದಿಯಲ್ಲಿ ನಿಂತು ‘ಈಗ ಇದು ಬಿದ್ದರೆ?’ ಅಂತ ಕೇಳಿಕೊಳ್ಳುತ್ತೇನೆ. ಸಿಕ್ಕಿಬೀಳುವ ಜಾಗ ಇದ್ದರೆ ಅದು ವಿಮರ್ಶೆಯ ಮೊದಲ ಪ್ಯಾರಾಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ರುಚಿಯ ಮಾತು, ಇದು ಮಾತ್ರ ದೋಷ.

ಗೇಟಿನ ಹೊತ್ತಿನ ಬಗ್ಗೆಯೂ ಒಂದು ಮಾತು. ಬಟನ್ ತುಳಿದು ಎರಡು ರೂಮು ಓಡಿ ಗೇಟಿನ ಕೆಳಗೆ ನುಸುಳುವ ಓಟ ಈ ಆಟದ ಜೀವ. ಆದರೆ ದಾರಿ ಬಾಯಿಪಾಠವಾದವರು ಅಳೆದ ಹೊತ್ತು ಹೊಸಬರಿಗೆ ಸಾಲುವುದಿಲ್ಲ. ನೀವು ಎಷ್ಟನೇ ಯತ್ನದಲ್ಲಿ ದಾಟಿದಿರಿ, ದಾಟುವಾಗ ಗೇಟು ಎಷ್ಟು ಇಳಿದಿತ್ತು, ಬಟನ್ ತುಳಿದಾಗ ಯಾವ ಗೇಟು ಎದ್ದಿತು ಅಂತ ಕಂಡಿತೇ, ಸದ್ದಷ್ಟೇ ಕೇಳಿತೇ, ಇಷ್ಟನ್ನೂ ಬರೆಯಿರಿ.

ಕಷ್ಟ ಬೇರೆ, ಅನ್ಯಾಯ ಬೇರೆ

ಪರದೆ ಸರಿಯುವುದಿಲ್ಲ ಅನ್ನುವುದು ಈ ಆಟದ ಮೂಲಗುಣ. ರೂಮು ದಾಟುವವರೆಗೆ ಆಚೆ ಏನಿದೆ ಅಂತ ಕಾಣದು. ಓಡಿ ಬಂದು ಪರದೆಯ ಅಂಚಿನಿಂದ ಜಿಗಿದರೆ ಮುಂದಿನ ರೂಮಿನಲ್ಲಿ ಇಳಿಯುವುದು ನೆಲದ ಮೇಲೋ ಮುಳ್ಳಿನ ಮೇಲೋ, ಅದು ಕಟ್ಟಿದವರ ಕೈಯಲ್ಲಿದೆ. ಆಡುವವರು ಅವರನ್ನು ನಂಬಿ ಜಿಗಿಯುತ್ತಾರೆ. ಆ ನಂಬಿಕೆಯನ್ನು ಹೇಗೆ ನಡೆಸಿಕೊಂಡಿದ್ದಾರೆ ಅನ್ನುವುದನ್ನು ನಾನು ಬಹಳ ಗಂಭೀರವಾಗಿ ನೋಡುತ್ತೇನೆ.

ಮೂಲ ಆಟದ ಮೊದಲ ಲೆವೆಲನ್ನೇ ನೆನೆಸಿಕೊಳ್ಳಿ. ಕೈಯಲ್ಲಿ ಕತ್ತಿಯಿಲ್ಲ. ಕಾವಲುಗಾರ ಎದುರಾಗುತ್ತಾನೆ. ಕತ್ತಿ ತೆಗೆಯದವನ ಮೇಲೆ ಒಂದೇ ಏಟು ಬಿದ್ದರೂ ಸಾವು. ಒಂದು ಸಲ ಸತ್ತರೆ ಸಾಕು, ‘ಓಹೋ, ಕತ್ತಿ ಬೇರೆಲ್ಲೋ ಇದೆ, ಮೊದಲು ಅದು’ ಅಂತ ತಿಳಿಯುತ್ತದೆ. ಆ ಸಾವಿನಿಂದ ಒಂದು ವಿಷಯ ಗೊತ್ತಾಯಿತು. ಅದೇ ಒಂದು ಬೋಳು ಓಣಿಯ ಕೊನೆಯಲ್ಲಿ ಎರಡು ತೂತು, ಒಂದರ ಕೆಳಗೆ ದಾರಿ, ಇನ್ನೊಂದರ ಕೆಳಗೆ ಮೂರು ಮಹಡಿಯ ಕಂದಕ, ಎರಡಕ್ಕೂ ಗುರುತಿಲ್ಲ ಅಂದರೆ ಸತ್ತವರಿಗೆ ತಿಳಿದದ್ದು ‘ಎಡಗಡೆಯದಲ್ಲ’ ಅನ್ನುವುದಷ್ಟೆ. ಇದನ್ನು ಅನ್ಯಾಯ ಅಂತಲೇ ಕರೆಯಿರಿ, ಹಿಂಜರಿಯಬೇಡಿ.

ಸಡಿಲ ಚಪ್ಪಡಿಯಲ್ಲೂ ಹೀಗೇ. ನಿಂತಲ್ಲೇ ಜಿಗಿದರೆ ಅವು ಅಲುಗಾಡಿ ಸದ್ದು ಮಾಡುತ್ತವೆ, ಪರೀಕ್ಷಿಸುವ ದಾರಿಯನ್ನು ಆಟವೇ ಕೊಟ್ಟಿದೆ. ಪರೀಕ್ಷಿಸಲು ನಿಲ್ಲುವ ಜಾಗ ಕಟ್ಟಿದವರು ಕೊಟ್ಟಿದ್ದಾರೆಯೇ ಅಂತ ನೋಡಿ. ಕತ್ತರಿಗಳ ಸಾಲಿನ ನಡುವೆ ಒಂದು ಚಪ್ಪಡಿಯಷ್ಟು ಬಿಡುವಿದ್ದರೆ ಅದು ಕಷ್ಟ, ಪರದೆಯ ಮೊದಲ ಚಪ್ಪಡಿಯಲ್ಲೇ ಕತ್ತರಿ ಇಟ್ಟು ಓಡಿ ಬರುವವನನ್ನು ಸೀಳಿದರೆ ಅದು ಅನ್ಯಾಯ.

ನಿಮ್ಮ ಕೈಚಳಕದ ಮಟ್ಟವನ್ನೂ ಹೇಳಿಬಿಡಿ. ‘ಮೂಲ ಆಟವನ್ನು 40 ನಿಮಿಷದಲ್ಲಿ ಮುಗಿಸಬಲ್ಲೆ, ಈ ಲೆವೆಲಿನಲ್ಲಿ 23 ಸಲ ಸತ್ತೆ’ ಅಂದರೆ ಓದುವವರಿಗೆ ಅಳತೆಗೋಲು ಸಿಕ್ಕಿತು.

ಕಾವಲುಗಾರರು, ಮದ್ದು, ಗಡಿಯಾರ

ಒಂದು ರೂಮಿಗೆ ಒಬ್ಬನೇ ಕಾವಲುಗಾರ. ಎಡಿಟರಿನಲ್ಲಿ ಅವನ ಚತುರತೆಯ ಮಟ್ಟವನ್ನು ಏರಿಸಬಹುದು, ಹಾಗಾಗಿ ಎಲ್ಲರನ್ನೂ ಮೇಲಿನ ಮಟ್ಟಕ್ಕೆ ಏರಿಸುವ ಆಸೆ ಹೊಸಬರಿಗೆ ಸಹಜ. ಎಂಟು ರೂಮಿನಲ್ಲಿ ಎಂಟು ಜನ ಒಂದೇ ಥರ ಕಾದಾಡಿದರೆ ಕೈ ಸೋಲುತ್ತದೆ ಹೊರತು ಮನಸ್ಸಿಗೆ ಏನೂ ಸಿಗುವುದಿಲ್ಲ. ನಾನು ನೋಡುವುದು ಅವನು ನಿಂತ ಜಾಗವನ್ನು. ಹಿಂದೆ ಕಂದಕವಿದ್ದರೆ ಅವನನ್ನು ತಳ್ಳಬಹುದು, ನಡುವೆ ಕತ್ತರಿ ಇದ್ದರೆ ಕಾಯಬಹುದು. ಜಾಗ ಕಾದಾಟವನ್ನು ಬದಲಿಸಿದರೆ ಒಬ್ಬನೇ ಸಾಕು.

ಮದ್ದಿಗೆ ಒಂದು ಪಟ್ಟಿ ಮಾಡಿ: ಎಷ್ಟು ಜೀವ ಕಳೆಯುವುದು ಖಚಿತ, ಎಷ್ಟು ಮರಳಿ ಸಿಗುತ್ತದೆ, ದೊಡ್ಡ ಸೀಸೆ ಇದೆಯೇ. ವಿಷದ ಸೀಸೆಯ ಗುಳ್ಳೆಯ ಬಣ್ಣ ಬೇರೆ ಇರುತ್ತದೆ. ಮಾಡ್‌ನಲ್ಲಿ ಬಣ್ಣ ಬದಲಾಯಿಸಿದ್ದರೆ ಆ ಸುಳಿವು ಸತ್ತಂತೆ, ಅದನ್ನು ತಿಳಿಸಿ.

ಸಮಯದ ಲೆಕ್ಕ ಸುಲಭ. 60 ನಿಮಿಷಕ್ಕೆ 12 ಲೆವೆಲ್ ಅಂದರೆ ಸರಾಸರಿ ಐದು ನಿಮಿಷ. ದಾರಿ ಗೊತ್ತಿದ್ದೂ ಒಂದು ಲೆವೆಲಿಗೆ ಒಂಬತ್ತು ನಿಮಿಷ ಬೇಕಾದರೆ ಉಳಿದವುಗಳ ಗತಿಯೇನು? ಇಡೀ ಸೆಟ್ಟನ್ನು ಸಾಯದೆ ಆಡಿ, ಪ್ರತಿ ಲೆವೆಲಿನ ಕೊನೆಗೆ ಉಳಿದ ನಿಮಿಷವನ್ನು ಬರೆದುಕೊಳ್ಳಿ. ಈ ಒಂದು ಸಾಲು ಅಂಕಿಗಳಿಗಾಗಿ ಕಟ್ಟಿದವರು ನಿಮಗೆ ಋಣಿಯಾಗಿರುತ್ತಾರೆ.

ಇನ್ನೊಂದು ಸೂಕ್ಷ್ಮ. ಮೂಲ ಆಟದಲ್ಲಿ ಕೆಲವು ಘಟನೆಗಳನ್ನು ಲೆವೆಲಿನ ಸಂಖ್ಯೆಗೇ ಕಟ್ಟಿಹಾಕಿದೆ: 3ರಲ್ಲಿ ಎದ್ದು ನಿಲ್ಲುವ ಅಸ್ಥಿಪಂಜರ, 4ರ ಕನ್ನಡಿ, 5ರಲ್ಲಿ ಮದ್ದು ಕದಿಯುವ ನೆರಳು, 8ರಲ್ಲಿ ಬರುವ ಇಲಿ, 12ರಲ್ಲಿ ಕತ್ತಿ ಒರೆಗಿಟ್ಟರೆ ಒಂದಾಗುವ ನೆರಳು. ಇವುಗಳನ್ನು ಹೊಸ ಲೆವೆಲಿನವರು ಬಳಸಿದರೇ, ತಪ್ಪಿಸಿದರೇ, ಗಮನಿಸದೆ ಬಿಟ್ಟರೇ? ಇಲಿಯನ್ನು ಹೊಸ ಕೆಲಸಕ್ಕೆ ಹಚ್ಚಿದ್ದರೆ ನನಗೆ ಖುಷಿಯೋ ಖುಷಿ.

ನೋಟದ ಬಗ್ಗೆ ಎರಡೇ ಮಾತು ಸಾಕು. ಕಂಬ, ಪಂಜು, ಜಾಲಂಧ್ರಗಳು ದಾರಿ ತೋರಿಸುತ್ತಿವೆಯೇ, ತುಂಬಿಸಲು ತುಂಬಿಸಿದ್ದೇ? ಚಿತ್ರ ಚೂರಾಗಿ ಕಾಣುವ ರೂಮಿದ್ದರೆ ಸಂಖ್ಯೆ ಕೊಡಿ.

ಬರೆಯುವುದು

ಕಟ್ಟಿದವರು ಎಡಿಟರ್ ತೆರೆದಿಟ್ಟು, ನಿಮ್ಮ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಾರೆ ಅಂತ ಎಣಿಸಿ ಬರೆಯಿರಿ. ‘ಕೊನೆಯ ಭಾಗ ಬೇಜಾರು’ ಅಂದರೆ ಅವರು ಎಲ್ಲಿ ಕೈಯಿಡಬೇಕು? ಅದನ್ನೇ ಹೀಗೆ ಬರೆಯಬಹುದು:

‘ರೂಮು 14, ನಡುಸಾಲು. ಬಲದಂಚಿನಿಂದ ಓಡಿ ಜಿಗಿದರೆ ಇಳಿಯುವುದು ರೂಮು 15ರ ಎರಡನೇ ಚಪ್ಪಡಿಯ ಮೇಲೆ, ಅಲ್ಲಿ ಮುಳ್ಳಿದೆ. 14ರಲ್ಲಿ ನಿಂತಾಗ ಅದು ಕಾಣುವುದಿಲ್ಲ, ಬೇರೆ ದಾರಿಯೂ ಇಲ್ಲ. ನಾಲ್ಕು ಸಲ ಸತ್ತೆ, ನಾಲ್ಕನೆಯ ಸಲಕ್ಕೆ ನಿಂತು ಜಿಗಿಯಬೇಕೆಂದು ಹೊಳೆಯಿತು. ಕಂದಕವನ್ನು ಪೂರ್ತಿ 15ರ ಒಳಗೆ ತಂದರೆ ಮುಳ್ಳು ಮೊದಲೇ ಕಾಣುತ್ತದೆ, ಜಿಗಿತ ಇಷ್ಟೇ ಕಷ್ಟವಾಗಿ ಉಳಿಯುತ್ತದೆ.’

ಜಾಗ, ನಡೆದದ್ದು, ನನಗಾದದ್ದು, ಒಂದು ಸಲಹೆ. ಸಲಹೆ ಒಂದೇ ಇರಲಿ. ನೀವೇ ಕಟ್ಟಿದ್ದರೆ ಹೇಗೆ ಕಟ್ಟುತ್ತಿದ್ದಿರಿ ಅಂತ ವಿವರಿಸತೊಡಗಿದರೆ ಅದು ಅವರ ಲೆವೆಲ್ ಆಗಿ ಉಳಿಯುವುದಿಲ್ಲ.

ಹೊಗಳಿಕೆಗೂ ಇದೇ ನಿಯಮ. ‘ಕಲ್ಪನೆ ಅದ್ಭುತ’ ಅನ್ನುವ ಬದಲು ‘ರೂಮು 6ರಲ್ಲಿ ಮೇಲಿನ ಚಪ್ಪಡಿಯನ್ನು ಬಟನ್ನಿನ ಮೇಲೆ ಬೀಳಿಸಬೇಕೆಂದು ಹೊಳೆದಾಗ ಕುರ್ಚಿಯಿಂದ ಎದ್ದುಬಿಟ್ಟೆ’ ಅನ್ನಿ. ತಪ್ಪನ್ನು ಸಂಖ್ಯೆ ಸಮೇತ ಹೇಳಿ ಮೆಚ್ಚುಗೆಯನ್ನು ತೇಲಿಸಿ ಹೇಳಿದರೆ, ಓದಿದವರು ಮುಂದಿನ ಸಲ ಚೆನ್ನಾಗಿದ್ದದ್ದನ್ನೇ ಕೆಡಿಸಿಟ್ಟಾರು.

ಲೆವೆಲ್ ಆಡದವರೂ ವಿಮರ್ಶೆ ಓದುತ್ತಾರೆ. ಒಗಟಿನ ಉತ್ತರವನ್ನು ಅವರ ಕಣ್ಣಿಗೆ ಬೀಳುವಂತೆ ಬರೆಯಬೇಡಿ. ಎಲ್ಲರಿಗೂ ಒಂದು ಭಾಗ, ಕಟ್ಟಿದವರಿಗೆ ಮಾತ್ರ ಇನ್ನೊಂದು ಭಾಗ ಅಂತ ನಾನು ಎರಡು ಮಾಡುತ್ತೇನೆ. ಎರಡನೆಯದರ ಜೊತೆ ದಾಖಲಾದ ಆಟದ ಕಡತವನ್ನೂ ಕಳಿಸುತ್ತೇನೆ. ನಾನು ಎಲ್ಲಿ ತಡವರಿಸಿದೆ, ಯಾವ ಗೇಟಿನ ಮುಂದೆ ಸುಮ್ಮನೆ ನಿಂತೆ ಅನ್ನುವುದನ್ನು ಅವರು ತಮ್ಮ ಕಣ್ಣಾರೆ ನೋಡಬಹುದು.

ಅಂಕ ಕೊಡಲೇಬೇಕಾದರೆ ಹತ್ತಕ್ಕೆ ಇಷ್ಟು ಅಂತ ಒಂದೇ ಸಂಖ್ಯೆ ಕೊಡಬೇಡಿ. ಕಟ್ಟಡ, ನ್ಯಾಯ, ಹೊಸತನ ಈ ಮೂರಕ್ಕೆ ಬೇರೆಬೇರೆ ಕೊಡಿ. ಸಿಕ್ಕಿಬೀಳುವ ಜಾಗ ಇರುವ ಲೆವೆಲಿಗೆ ಕಟ್ಟಡದಲ್ಲಿ ನಾನು ಐದರ ಮೇಲೆ ಕೊಡುವುದಿಲ್ಲ, ಮಿಕ್ಕದ್ದು ಎಷ್ಟೇ ಚಂದವಿರಲಿ.

ಕಳಿಸಿದ ಮೇಲೆ ಕೆಲವರು ಸಿಟ್ಟಾಗುತ್ತಾರೆ. ವಾದಕ್ಕಿಳಿಯದೆ ದಾಖಲೆಯ ಕಡೆ ಬೆರಳು ತೋರಿಸಿ. ಬಹಳಷ್ಟು ಜನ ಒಂದೆರಡು ವಾರದಲ್ಲಿ ತಿದ್ದಿದ ಆವೃತ್ತಿ ಕಳಿಸುತ್ತಾರೆ. ಆಗ ಹಳೆಯ ನಕ್ಷೆ ತೆಗೆದು, ತಿದ್ದಿದ ರೂಮುಗಳನ್ನಷ್ಟೇ ನೋಡಿ ಸುಮ್ಮನಾಗಬೇಡಿ. 14ರ ಕಂದಕ ಸರಿಸುವಾಗ 9ರ ಗೇಟಿನ ಬಟನ್ ತಪ್ಪಿಹೋಗಿರಬಹುದು. ಎಲ್ಲ ಸಡಿಲ ಚಪ್ಪಡಿಗಳನ್ನೂ ಮತ್ತೊಮ್ಮೆ ಬೀಳಿಸಿ, ಹೊರಬಾಗಿಲಿನವರೆಗೆ ನಡೆಯಿರಿ.